ಹೊರಗೆ ಹೋಗದ ದನಿ

"ಏನವಾ, ಬಾಯಾಗ ಕಡಬು ಇಟ್ಕೊಂಡೀಯೇನ? ಮಾತಾಡು!"

ಸುರೇಬಾನದ ಗಿರಾಕಿ ಹೀಗೆ ಕಿರುಚಿ ಫೋನ್ ಇಟ್ಟಾಗ ಶೈಲಜಾ ಅವನಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ್ದಳು. ಅವನ ಬೈಗುಳ ಒಂದಕ್ಷರ ಬಿಡದೆ ಇವಳ ಕಿವಿಗೆ ಬಿದ್ದಿತ್ತು. ಇವಳ ಉತ್ತರ ಮಾತ್ರ ಅವನಿಗೆ ಮುಟ್ಟಿರಲಿಲ್ಲ. ಬೈಸಿಕೊಳ್ಳಲು ಕಿವಿ ಇದೆ, ತಿರುಗಿ ಅನ್ನಲು ಬಾಯಿ ಇಲ್ಲ ಎಂದರೆ ಸಿಟ್ಟು ಬರಬೇಕೋ ಬೇಡವೋ ನೀವೇ ಹೇಳಿ. ಶೈಲಜಾ ರಿಸೀವರನ್ನು ಕುಕ್ಕಿದ ರಭಸಕ್ಕೆ ಕೌಂಟರಿನ ಆ ತುದಿಯಲ್ಲಿ ವಾಲ್ವ್ ಎಣಿಸುತ್ತಿದ್ದ ಸುನೀಲ ಲೆಕ್ಕ ತಪ್ಪಿದ.

ಕೃಷ್ಣಾಜಿರಾಯರ ಪಂಪು-ಪೈಪಿನ ವ್ಯಾಪಾರಕ್ಕೆ ಬೈಲಹೊಂಗಲದ್ದು ಮುಖ್ಯ ಅಂಗಡಿ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಒಂದೊಂದು ಶಾಖೆ. ಎಷ್ಟೋ ವರ್ಷಗಳಿಂದ ಈ ನಾಲ್ಕೂ ಅಂಗಡಿಗಳ ಬಾಯಿ ಎಂದರೆ ಶೈಲಜಾ. ಮೋಟಾರು ಸುಟ್ಟಿತು ಎಂದು ದೊಡವಾಡದಿಂದ ಫೋನ್ ಬಂದರೆ, ಬೋರು ಎಷ್ಟು ಆಳ, ಮೋಟಾರು ಎಷ್ಟು ಎಚ್‌ಪಿ ಎಂದು ಕೇಳಿ, ಹತ್ತಿರದ ಮೆಕ್ಯಾನಿಕ್ಕನನ್ನು ಹೊಲಕ್ಕೆ ಅಟ್ಟುವವಳು ಅವಳೇ. ಅವಳ ಮುಖ ಕಂಡವರು ಕಡಿಮೆ, ದನಿ ಗೊತ್ತಿಲ್ಲದವರು ಇನ್ನೂ ಕಡಿಮೆ. "ಶೈಲಕ್ಕ ಅದಾಳೇನ್ರಿ?" ಎಂದೇ ಜನ ಮಾತು ಶುರು ಮಾಡುತ್ತಿದ್ದರು. ಹೊಸ ಫೋನು ಬಂದ ಮೇಲೆ ಆ ಹೆಸರಿಗೆ ಮಣ್ಣು ಬಿತ್ತು.

ರಾಯರು ಬೆಳಗಾವಿಯ ಬೀಗರ ಆಫೀಸಿನಲ್ಲಿ ಅದನ್ನು ಕಂಡು ಬಂದಿದ್ದರು. ಇಂಟರ್ನೆಟ್ಟಿನ ಮೇಲೆ ಓಡುವ ಫೋನು. ಮೇಜಿನ ಮೇಲೆ ಕರ್ರಗೆ ಮಿಂಚುವ ಯಂತ್ರ, ಅದಕ್ಕೊಂದು ಪುಟ್ಟ ಪರದೆ. ನಾಲ್ಕೂರಿಗೆ ಒಂದೇ ನಂಬರು, ಗುಂಡಿ ಒತ್ತಿದರೆ ಕರೆ ರಾಮದುರ್ಗಕ್ಕೆ ಹಾರುತ್ತದೆ. ನೋಡಿದ ಕ್ಷಣದಿಂದ ಅವರಿಗೆ ಊಟ ರುಚಿಸಲಿಲ್ಲ. ಅಕ್ಕನ ಮಗ ಕೌಶಿಕ ಧಾರವಾಡದಲ್ಲಿ ಇದೇ ಕೆಲಸ ಮಾಡುತ್ತಿದ್ದ. ಅವನನ್ನು ಕರೆಸಿದರು.

ಅವನು ಅಂಗಡಿಯಲ್ಲೇ ಕುಳಿತು ಹೇಳಿದ್ದನ್ನು ಶೈಲಜಾ ಕಿವಿಯಾರೆ ಕೇಳಿದ್ದಳು. "ಮಾಮಾ, ಫೋನ್ ತರೂದು ಸಣ್ಣ ಕೆಲಸ. ಅದಕ್ಕ ಬೇರೆ ಇಂಟರ್ನೆಟ್ ಲೈನ್ ಬೇಕು. ಇಲ್ಲಾಂದ್ರ ಮಾತಿಗೆ ಮೊದಲು ದಾರಿ ಬಿಡೋ ಒಂದು ಡಬ್ಬಿ ಆದ್ರೂ ಕೂಡಸಬೇಕು. ವೈಫೈ ಮ್ಯಾಲೆ ಬ್ಯಾಡ, ವಾಯರ್ ಎಳೀಬೇಕು. ಕರೆಂಟ್ ಹೋದ್ರ ಬ್ಯಾಟರಿ ಇರಬೇಕು."

ರಾಯರು ನಕ್ಕರು. "ಒಂದ್ ಮನಿಗೆ ಯಾರರೆ ಎರಡು ಬಾವಿ ತೋಡ್ತಾರೇನೋ? ಇದ್ದ ಲೈನ್ ಸಾಕು. ಫೋನ್ ಮಾತ್ರ ಚಲೋದು ತಾ, ಬಂದವರಿಗೆ ಕಾಣೋ ಹಂಗ ಇರ್ಲಿ."

ಕಣ್ಣಿಗೆ ಕಾಣುವುದೆಲ್ಲ ಬಂತು. ಕಾಣದಿರುವುದು ಒಂದೂ ಬರಲಿಲ್ಲ. ಮೇಲೆ ಥಳಕು, ಒಳಗೆ ಹುಳುಕು ಎನ್ನುವ ಮಾತನ್ನು ನಮ್ಮ ಹಿರಿಯರು ಫೋನು ಕಾಣದೆಯೇ ಆಡಿದ್ದರು. ಕೌಶಿಕ ಮಾಮಾನ ಎದುರು ಮರುಮಾತಾಡದೆ ಯಂತ್ರಗಳನ್ನು ಜೋಡಿಸಿ, ಚಹಾ ಕುಡಿದು ಹೋದ.

ಅಂದಿನಿಂದ ಶೈಲಜಾಳ ಮಾತು ಚೂರುಚೂರಾಗಿ ಹೋಗತೊಡಗಿತು. ಒಮ್ಮೊಮ್ಮೆ ಪೂರಾ ಸತ್ತೇ ಹೋಗುತ್ತಿತ್ತು. ಅವಳು ಗಂಟಲು ಹರಿಯುವ ಹಾಗೆ ಕೂಗುವಳು, ಆ ಕಡೆಯವರು "ಯಾರೂ ಮಾತಾಡವಲ್ರು" ಎಂದು ಇಡುವರು. ಅವಳು ರಾಯರಿಗೆ ಹೇಳಿದಳು, ಕೌಶಿಕನಿಗೆ ಹೇಳಿಸಿದಳು. "ನೋಡ್ತೀನಿ" ಎಂದ ಅವನು ನೋಡಲೇ ಇಲ್ಲ. ಮೆಕ್ಯಾನಿಕ್ಕರನ್ನು ಹೊಲಕ್ಕೆ ಅಟ್ಟಲು ತನ್ನ ಸ್ವಂತ ಮೊಬೈಲಿನಿಂದ ಫೋನ್ ಹಚ್ಚತೊಡಗಿದಳು.

ರಾಯರು ಒಂದು ದಿನ ಅಂಗಡಿ ತುಂಬಿದ್ದ ಹೊತ್ತಿಗೆ ಸರಿಯಾಗಿ ಬಂದರು. ಗಿರಾಕಿಗಳ ಎದುರು, ಸುನೀಲನ ಎದುರು, ಹಮಾಲರ ಎದುರು ಅವಳ ಮೇಜಿಗೆ ಕೈಯೂರಿ ನಿಂತರು.

"ಮನ್ಯಾಗ ಕೂತು ದಿನಾ ಅಂಗಡಿ ಕ್ಯಾಮೆರಾದಾಗ ನೋಡ್ಲಿಕ್ಕತ್ತೀನಿ ಶೈಲಾ. ರಿಸೀವರ್ ಕಿವಿಗೇ ಇರ್ತದ, ಬಾಯಿ ಆಡ್ತಾನೇ ಇರ್ತದ. ಗಿರಾಕಿಗಳು ನೋಡಿದ್ರ ಯಾರೂ ಮಾತಾಡೂದೇ ಇಲ್ಲ ಅಂತಾರ. ಹಂಗಾದ್ರ ನೀ ಮಾತಾಡೋದು ಯಾರ ಜೋಡಿ?"

ಶೈಲಜಾಳಿಗೆ ಮೊದಲು ಅದರ ಅರ್ಥವೇ ಹೊಳೆಯಲಿಲ್ಲ. ಹೊಳೆದಾಗ ಮೈಯೆಲ್ಲ ಉರಿಯಿತು.

"ರಾಯರ, ಏನ್ ಅನ್ನಾಕತ್ತೀರಿ ಗೊತ್ತೈತೇನ್ರಿ ನಿಮಗ?"

"ನಾ ಏನೂ ಅನ್ನೂದಿಲ್ಲವಾ. ಅನ್ನೋದನ್ನ ನಿನ್ನ ಗಂಡಗ ಮೊನ್ನೇನ ಫೋನ್ ಹಚ್ಚಿ ಅಂದೀನಿ. ಸೋಮವಾರದಿಂದ ಫೋನಿಗೆ ಬ್ಯಾರೆಯವರು ಬರ್ತಾರ. ನೀ ಬರೂದು ಬ್ಯಾಡ."

ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಬೈಲಹೊಂಗಲದಂಥ ಊರಿನಲ್ಲಿ ಹೆಣ್ಣುಮಗಳ ಮೇಲೆ ಇಂಥ ಮಾತೊಂದು ಬಿದ್ದರೆ ಅದನ್ನು ತೊಳೆಯುವ ನೀರು ಎಲ್ಲಿದೆ? ಹಮಾಲರು ಸಂತೆಗೆ ಒಯ್ಯುತ್ತಾರೆ, ಸಂತೆ ನಾಲ್ಕು ತಾಲೂಕಿಗೆ ಹಂಚುತ್ತದೆ. ಶೈಲಜಾ ಚೀಲ ಎತ್ತಿಕೊಂಡು ಹೊರಬಿದ್ದಳು. ಕಣ್ಣೀರು ಬರಲಿಲ್ಲ. ಬರುವ ಹಾಗಿತ್ತು, ಸಿಟ್ಟು ಅದನ್ನು ದಾರಿಯಲ್ಲೇ ಕುಡಿದುಬಿಟ್ಟಿತ್ತು.

ಗಂಡ ಮಹಾದೇವನದು ಬಜಾರಿನ ಹಿಂದೆ ಹಿಟ್ಟಿನ ಗಿರಣಿ. ಸಂಜೆ ಮೈಯೆಲ್ಲ ಬೆಳ್ಳಗಾಗಿ ಬಂದವನನ್ನು ಅವಳು ಬಾಗಿಲಲ್ಲೇ ತಡೆದಳು.

"ರಾಯರು ಫೋನ್ ಹಚ್ಚಿದ್ರಂತ. ನನಗ್ಯಾಕ ಹೇಳಲಿಲ್ಲ?"

ಅವನು ಕಾಲು ತೊಳೆಯುತ್ತಲೇ ಅಂದ, "ಆ ಮುದುಕ ಏನರೆ ಅಂತೈತಿ. ನಾ ನಂಬಿಲ್ಲ ಬಿಡು. ರೊಟ್ಟಿ ಹಾಕು."

ನಂಬಿಲ್ಲ ಬಿಡು. ಆ ಒಂದು ಮಾತನ್ನು ಶೈಲಜಾ ಸೆರಗಿನ ಗಂಟಿನಂತೆ ಬಿಗಿಹಿಡಿದು ಮಲಗಿದಳು. ಊರು ಏನು ಬೇಕಾದರೂ ಅನ್ನಲಿ, ಮನೆ ತನ್ನ ಬೆನ್ನಿಗಿದೆ ಎಂದುಕೊಂಡಳು. ಬೆಳಗಾದ ಕೂಡಲೇ ರಾಯರ ಮನೆಗೆ ನಡೆದಳು. ಅಂದ ಬಾಯಿಂದಲೇ ಮಾತನ್ನು ವಾಪಸು ಪಡೆಯುವುದು, ಪಡೆಯದೆ ಆ ಹೊಸ್ತಿಲು ಇಳಿಯುವುದಿಲ್ಲ.

ಬಾಗಿಲು ತೆರೆದವರು ರಾಯರ ಹೆಂಡತಿ ನರ್ಮದಾಬಾಯಿ. ಒಳಗೆ ಕೌಶಿಕ ನೆಲದ ಮೇಲೆ ಕುಳಿತು ಅವಲಕ್ಕಿ ತಿನ್ನುತ್ತಿದ್ದ. ಹಿಂದಿನ ದಿನವಷ್ಟೇ ಮಾಮಾನ ಮನೆಗೆ ಬಂದಿದ್ದನಂತೆ. ರಾಯರು ಮಡಿಯುಟ್ಟು, ಕೈಯಲ್ಲಿ ಊದಿನಕಡ್ಡಿ ಹಿಡಿದು, ಗೋಡೆಯ ಟಿವಿಯ ಎದುರು ನಿಂತಿದ್ದರು.

ಶೈಲಜಾ ಬಂದ ಸಿಟ್ಟನ್ನೂ ಮರೆತು ನೋಡಿದಳು. ಟಿವಿಯ ಚೌಕಟ್ಟಿಗೆ ಕುಂಕುಮ, ಮೇಲೆ ದಾಸವಾಳ. ಒಳಗೆ ನಾಲ್ಕೂ ಅಂಗಡಿಗಳು ಚೌಕಚೌಕವಾಗಿ ಕಾಣುತ್ತಿದ್ದವು. ಕಿತ್ತೂರಿನ ಶಟರು ಏಳುತ್ತಿತ್ತು, ಸವದತ್ತಿಯಲ್ಲಿ ಕಸ ಹೊಡೆಯುತ್ತಿದ್ದರು, ಬೈಲಹೊಂಗಲದಲ್ಲಿ ಅವಳ ಕುರ್ಚಿಯ ಮೇಲೆ ಸುನೀಲ ಕುಳಿತಿದ್ದ. ರಾಯರು ಒಂದೊಂದು ಚೌಕಕ್ಕೂ ಕಡ್ಡಿ ಬೆಳಗಿ ಕಣ್ಣಿಗೊತ್ತಿಕೊಂಡರು.

"ಮೊದಲೆಲ್ಲ ಅಮಾಸಿಗೊಮ್ಮೆ ನಾಕೂ ಅಂಗಡಿಗೆ ಹೋಗಿ ಪೂಜಾ ಮಾಡ್ತಿದ್ರು," ನರ್ಮದಾಬಾಯಿ ಪಿಸುಗುಟ್ಟಿದರು. "ಈಗ ಮೊಣಕಾಲು ಆಗೂದಿಲ್ಲ. ಅದಕ್ಕ ದಿನಾ ಇಲ್ಲೇ. ಪೂಜಾ ಆದ ಮ್ಯಾಲೆ ಅದನ್ನ ಆರಸೂ ಹಂಗಿಲ್ಲ. ಅಂಗಡಿ ಮುಚ್ಚೂತನಕ ಉರೀತಿರಬೇಕು, ನಂದಾದೀಪದ ಹಂಗ. ಬಂದವರಿಗೆ ಚಾದ ಕೂಡ ಇದನ್ನೂ ತೋರಸೂದು."

ರಾಯರು ತಿರುಗಿ ನೋಡಿದರು. "ಯಾಕ ಬಂದೀ?"

"ನೀವಂದ ಮಾತು ನಿಮಗ ತಿರುಗಿ ಕೊಡಾಕ ಬಂದೇನ್ರಿ. ನನ್ನ ಕುರ್ಚಿ ಮ್ಯಾಲೆ ಈಗ ಸುನೀಲ ಅದಾನ. ಹಚ್ಚರಿ ಅಂಗಡಿಗೆ ಫೋನು. ಎಲ್ಲಾರಿಗೂ ಕೇಳೂ ಹಂಗ ಹಚ್ಚರಿ."

ಅವಳ ದನಿಯಲ್ಲಿ ಏನಿತ್ತೋ, ರಾಯರು ಮೊಬೈಲ್ ತೆಗೆದು ಹಚ್ಚಿದರು. ಪರದೆಯ ಮೇಲೆ ಸುನೀಲ ರಿಸೀವರ್ ಎತ್ತಿದ. ಬಾಯಿ ಆಡಿತು. ಮೊಬೈಲಿನಿಂದ "ಹ... ರಾ... ಟ್..." ಎಂದು ಬಂದು ನಿಂತಿತು.

"ಸುನೀಲಾ, ಸರಿಯಾಗಿ ಮಾತಾಡೋ!"

ಸುನೀಲನಿಗೆ ಅದು ಸ್ಪಷ್ಟ ಕೇಳಿಸಿರಬೇಕು. ಗಾಬರಿಯಾಗಿ ಎದ್ದು ನಿಂತ, ಕೈಬೀಸಿದ, ಏನೇನೋ ವಿವರಿಸಿದ. ಇಲ್ಲಿ ಒಂದು ಶಬ್ದವೂ ಇಲ್ಲ.

"ನೋಡ್ರಿ, ಅವನ ಬಾಯೀನೂ ಆಡಾಕತ್ತೈತಿ," ಶೈಲಜಾ ಅಂದಳು. "ಯಾರ ಜೋಡಿ ಮಾತಾಡಾಕತ್ತಾನ ಕೇಳ್ರಿ. ಅವನ ಹೆಂಡ್ತಿಗೂ ಫೋನ್ ಹಚ್ಚಿ ಹೇಳ್ರಿ, ನಿನ್ನ ಗಂಡ ಹಾದಿ ಬಿಟ್ಟಾನ ಅಂತ."

ರಾಯರು ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಗ ಅವಲಕ್ಕಿಯ ತಟ್ಟೆಯಿಂದ ತಲೆಯೆತ್ತದೆ ಕೌಶಿಕ ಅಂದ, "ಮಾಮಾ... ಟಿವಿ ಬಂದ್ ಮಾಡ್ರಿ ಒಂದೀಟು."

"ಪೂಜಾ ಆಗ್ಯದಲ್ಲೋ!"

"ಯಾಕ ಬಂದ್ ಮಾಡಬೇಕ್ರಿ?" ಶೈಲಜಾ ಅವನತ್ತ ತಿರುಗಿದಳು.

ಅವನು ತುತ್ತು ನುಂಗಿದ. "ಅಂಗಡಿ ಇಂಟರ್ನೆಟ್ಟಿಗೆ ಒಳಗ ಬರೋ ದಾರಿ ಅಗಲ ಅದ, ಹೊರಗ ಹೋಗೋದು ಸಂದಿ ಓಣಿ. ಟಿವಿ ಉರಿಯೂತನಕ ಅಂಗಡಿ ಕ್ಯಾಮೆರಾದ ಚಿತ್ರ ಎಲ್ಲಾ ಆ ಓಣ್ಯಾಗೇ ಹೊರಗ ಬರಬೇಕು. ಮಾತಿಗೆ ಜಾಗ ಸಿಗೂದಿಲ್ಲ. ಅದಕ್ಕ ಗಿರಾಕಿದು ನಿಮಗ ಕೇಳಸ್ತದ, ನಿಮ್ಮದು ಅವರಿಗೆ ಕೇಳಸೂದಿಲ್ಲ."

ಶೈಲಜಾ ಮುಂದೆ ಕೇಳಲಿಲ್ಲ. ನಡೆದು ಹೋಗಿ ಟಿವಿಯ ಪ್ಲಗ್ಗನ್ನು ಕಿತ್ತಳು. ನಾಲ್ಕೂ ಅಂಗಡಿ ಒಟ್ಟಿಗೆ ಕತ್ತಲಾದವು. ರಾಯರು "ಏಯ್!" ಎಂದು ಕೈ ಎತ್ತಿದರು. ಅಷ್ಟರಲ್ಲಿ ಮೊಬೈಲಿನಿಂದ ಸುನೀಲನ ದನಿ ಪಕ್ಕದಲ್ಲೇ ನಿಂತು ಅಂದ ಹಾಗೆ ಕೇಳಿಸಿತು: "...ದೇವರಾಣಿ ರಾಯರ, ಆವಾಗಿಂದ ಮಾತಾಡಾಕತ್ತೇನ್ರಿ! ಶೈಲಕ್ಕಂದೂ ಹಿಂಗ ಆಕ್ಕಿತ್ರಿ, ಅಕಿದೇನೂ ತಪ್ಪಿಲ್ರಿ!"

ದಿನವಿಡೀ ಅವಳ ಬಾಯಿಯ ಮೇಲೆ ಕಣ್ಣಿಟ್ಟು ಕುಳಿತಿದ್ದರಲ್ಲ, ಆ ಕಣ್ಣೇ ಅವಳ ಮಾತನ್ನು ನುಂಗಿತ್ತು. ರಾಯರು ಕುರ್ಚಿಗೆ ಕುಸಿದರು. ಶೈಲಜಾ ಕೌಶಿಕನನ್ನೇ ನೋಡುತ್ತಿದ್ದಳು.

"ನಿಮಗ ಇದು ಮೊದಲ ಗೊತ್ತಿತ್ತು."

"ಅದು... ಫೋನ್ ಕೂಡಸಿದಾಗ ನೋಡಿದ್ದೆ, ಮಾಮಾ ಅಷ್ಟು ಭಕ್ತಿಯಿಂದ ಪೂಜಾ ಮಾಡ್ತಾರ. ಬಂದವರಿಗೆಲ್ಲ ತೋರಸ್ತಾರ. ಬಂದ್ ಮಾಡ್ರಿ ಅಂತ ಹೆಂಗ ಹೇಳ್ಲಿ? ಹಿರಿಯರು, ಬ್ಯಾಸರ ಮಾಡ್ಕೋತಾರ ಅಂತ..."

"ಮಾಮಾಗ ಬ್ಯಾಸರ ಆಕ್ಕೈತಿ ಅಂತ ನೀವು ಸುಮ್ಮನಿದ್ರಿ. ನನ್ನ ಮರ್ಯಾದಿ ಬೀದಿಗೆ ಬಿದ್ರ ಯಾರಿಗೂ ಬ್ಯಾಸರಿಲ್ಲ. ಕಲ್ತವರ ಶಾಣ್ಯಾತನ ಅಂದ್ರ ಇದೇ ಏನ್ರಿ?"

ಕೌಶಿಕ ತಟ್ಟೆ ಸರಿಸಿದ. ರಾಯರು ಗಂಟಲು ಸರಿಮಾಡಿಕೊಂಡರು. "ಆತು ಬಿಡು ಶೈಲಾ. ಏನೋ ಆಗಿ ಹೋತು. ನಾಳಿಂದ ಕೆಲಸಕ್ಕ ಬಾ."

"ಫೋನಿಗೆ ಬ್ಯಾರೆ ಲೈನ್ ಹಾಕಸ್ರಿ, ಆಮ್ಯಾಲೆ ಬರೂದು ನೋಡ್ತೇನಿ. ಅದು ನಾಳಿ ಮಾತು. ಈಗ ನನ್ನ ಗಂಡಗ ಹಚ್ಚರಿ. ಅವತ್ತ ಹಚ್ಚಿದ್ರಲ್ಲಾ, ಅದ ನಂಬರಿಗೆ ಹಚ್ಚರಿ."

"ಅದಕ್ಕೇನ್ ಅವಸರ? ಯಾವಾಗರೆ ಭೆಟ್ಟಿ ಆದಾಗ ಹೇಳ್ತೀನಿ..."

"ಹಚ್ಚರಿ," ಎಂದರು ನರ್ಮದಾಬಾಯಿ. ಇಷ್ಟು ಹೊತ್ತು ಕಂಬಕ್ಕೊರಗಿ ನಿಂತಿದ್ದ ಅವರ ಮುಖ ಕೆಂಪಗಾಗಿತ್ತು. "ಹೆಸರು ಕೆಡಸ್ಲಿಕ್ಕೆ ಬೆರಳು ಬಂದ್ವು, ತಿದ್ಲಿಕ್ಕೆ ಯಾಕ ಬರೂದಿಲ್ಲ?"

ರಾಯರು ಹಚ್ಚಿದರು. ಆ ಕಡೆ ಗಿರಣಿಯ ಗದ್ದಲ, ಮಹಾದೇವನ ಕೂಗು: "ತಡೀರಿ ರಾಯರ, ಬಂದ್ ಮಾಡ್ತೇನಿ!" ಗದ್ದಲ ನಿಂತಿತು. ಒಂದಿಷ್ಟೂ ಗರಗರವಿಲ್ಲದೆ ಅವನ ಉಸಿರು ಸಹ ಪಡಸಾಲೆಗೆ ಕೇಳಿಸುತ್ತಿತ್ತು. ಶೈಲಜಾ ಬಂದಾಗಿನಿಂದ ಮೊದಲ ಸಲ ಭುಜ ಸಡಿಲಿಸಿದಳು.

"ಮಹಾದೇವಾ, ಅದು... ಅವತ್ತ ನಾ ಅಂದದ್ದು ತಪ್ಪು. ಫೋನಿನ ಲೈನಿಂದು ದೋಷ ಇತ್ತು. ನಿನ್ನ ಹೆಂಡ್ತಿದು ಏನೂ ಇಲ್ಲ."

"ಹೌದೇನ್ರಿ!" ಮಹಾದೇವ ದೊಡ್ಡದಾಗಿ ನಕ್ಕ, ಬೆನ್ನ ಮೇಲಿನ ಚೀಲ ಇಳಿಸಿದವನ ನಗೆ. "ಉಳಿಸಿದ್ರಿ ನೋಡ್ರಿ. ನಿಮ್ಮಂಥವರು ಅಂದ ಮ್ಯಾಲೆ ಸುಳ್ಳ ಹೆಂಗ ಆಕ್ಕೈತಿ ಅಂತ ಅಕಿ ಮೊಬೈಲ್ ಎಲ್ಲಾ ಕದ್ದ ನೋಡಿದ್ನಿ. ಆ ಮೆಕ್ಯಾನಿಕ್‌ಗೋಳ ನಂಬರ ನೋಡಿ ತಲಿ ಕೆಟ್ಟಿತ್ರಿ. ನಿಮ್ಮ ಮಗಳನ್ನ ಬಂದ ಕರಕೊಂಡ ಹೋಗ್ರಿ ಅಂತ ಅವರಪ್ಪಗೂ ಹೇಳಿ ಕಳಿಸೇನಿ. ಅಕಿಗೆ ಗೊತ್ತಿಲ್ಲ ಬಿಡ್ರಿ. ಈಗ ಬರಬ್ಯಾಡ್ರಿ ಅಂತ ಹೇಳಿದ್ರಾತು."

ರಾಯರ ಹೆಬ್ಬೆರಳು ಕರೆ ಕತ್ತರಿಸಲು ಹೋಯಿತು. ಶೈಲಜಾ ಅವರ ಕೈಯಿಂದ ಮೊಬೈಲನ್ನು ತೆಗೆದುಕೊಂಡಳು. ರಾಯರ ಮೇಲೆ, ಕೌಶಿಕನ ಮೇಲೆ ಇದ್ದ ಸಿಟ್ಟು ಈಗ ಅವಳಿಗೆ ಸಣ್ಣದಾಗಿ ಕಂಡಿತು. ಅಂಗಡಿಯಲ್ಲಿ ಹಮಾಲರ ಎದುರು ಉರಿಯದಷ್ಟು ಈಗ ಉರಿಯುತ್ತಿತ್ತು.

"ಬರಬ್ಯಾಡ್ರಿ ಅಂತ ಹೇಳಬ್ಯಾಡ್ರಿ," ಅಂದಳು.

ಆ ಕಡೆ ನಗು ಕಡಿಯಿತು. "...ಶೈಲಾ? ನೀ ಅಲ್ಲೇ ಅದೀಯೇನ?"

"ಅದೇನಿ. ಎಲ್ಲಾ ಕೇಳಿಸೈತಿ. ಅಪ್ಪ ಬರ್ಲಿ."

ಮೊಬೈಲನ್ನು ರಾಯರ ಮುಂದಿಟ್ಟು ಅವಳು ಚಪ್ಪಲಿ ಮೆಟ್ಟಿ ಬೀದಿಗಿಳಿದಳು. ಹಿಂದಿನಿಂದ ಮಹಾದೇವ "ಶೈಲಾ, ಮಾತಾಡು, ಶೈಲಾ" ಎಂದು ಕರೆಯುತ್ತಿದ್ದುದು ಅಂಗಳ ದಾಟುವವರೆಗೂ ಚೊಕ್ಕವಾಗಿ ಕೇಳುತ್ತಿತ್ತು.