ಕೋಟಿನ ಜೇಬಿನ ಮೇಲಿನ ಕೈ

ಯಾರದಾದರೂ ಕೈ ಕುಲುಕುವಾಗಲೂ ಅವರ ಎಡಗೈ ಕೋಟಿನ ಜೇಬನ್ನು ಬಿಡುತ್ತಿರಲಿಲ್ಲ. ಎದುರಿಗಿದ್ದವನು ಗೆಳೆಯನೋ ಗಿರಾಕಿಯೋ ಎಂದು ವಿಚಾರಿಸುವ ಮೊದಲು ಅವನು ಕಳ್ಳನಲ್ಲ ಎಂಬುದು ಖಾತ್ರಿಯಾಗಬೇಕಿತ್ತು. ಫೋನಿನಲ್ಲಿ ಕೇಳುವ ಆಡಿಯೋ ಪುಸ್ತಕಗಳನ್ನು ಮಾರುತ್ತಿದ್ದ ಆ ಪ್ರಕಾಶಕರು ಅಂಗಡಿಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತಿರುವಿನವರೆಗೆ ನಡೆದು, ಮನಸ್ಸು ತಡೆಯದೆ ಹಿಂದಿರುಗಿ ಮತ್ತೊಮ್ಮೆ ಜಗ್ಗುತ್ತಿದ್ದರು. ಬೀಗದಣ್ಣ ಎಂಬ ಅಡ್ಡಹೆಸರು ಅವರಿಗೆ ಸುಮ್ಮನೆ ಅಂಟಿದ್ದಲ್ಲ.

ಆ ಪುಸ್ತಕಗಳಿಗೆಲ್ಲ ದನಿಯಾದವಳು ಅವರ ಒಡಹುಟ್ಟಿದ ಅಕ್ಕ. ಕಥೆ ಓದುತ್ತ ನಗು ಬಂದರೆ ತಡೆಯದೆ ನಕ್ಕುಬಿಡುವ ಆ ದನಿಗೆ ಕೇಳುಗರು ಮಾರುಹೋಗಿದ್ದರು. ಬೀಗದಣ್ಣ ಅದಕ್ಕೂ ಬೀಗ ಜಡಿದರು: ಕೊಂಡವರ ಒಂದೇ ಫೋನಿನಲ್ಲಿ ಪುಸ್ತಕ ತೆರೆಯಬೇಕು, ಮತ್ತೊಂದಕ್ಕೆ ದಾಟಕೂಡದು. ಕೆಲಸದವರು ಕದ್ದಾರೆಂದು ಬೀಗವಿಲ್ಲದ ಮೂಲ ಧ್ವನಿಮುದ್ರಣಗಳನ್ನೂ ಅಳಿಸಿಹಾಕಿದರು.

ನಿವೃತ್ತ ನರ್ಸ್ ಒಬ್ಬರು, ಕಣ್ಣು ಕಾಣದ ತಮ್ಮ ಗಂಡನ ಫೋನಿನಲ್ಲಿ ಪುಸ್ತಕ ತೆರೆಯುತ್ತಿಲ್ಲವೆಂದು ಅಂಗಡಿಗೆ ಬಂದರು.

"ತಗೊಂಡಿದ್ದು ನೀವು, ಕೇಳ್ಬೇಕಾದವರೂ ನೀವೇ. ಹಂಚಿದ್ರೆ ಅದು ಕಳ್ಳತನ," ಎಂದರು ಬೀಗದಣ್ಣ.

"ಗಂಡ ಹೆಂಡ್ತಿ ಒಂದು ಕಥೆ ಕೇಳಿದ್ರೆ ಕಳ್ಳತನಾನಾ ಸ್ವಾಮಿ?"

ಆಕೆ ಮುಖ ಗಂಟಿಕ್ಕಿಕೊಂಡು ಹೊರಟುಹೋದರು. ಮನೆಯಲ್ಲಿ ತಮ್ಮ ಫೋನಿನಲ್ಲಿ ಕಥೆ ಹಾಕಿ, ಪಕ್ಕದಲ್ಲಿ ಗಂಡನ ಫೋನಿಟ್ಟು, ಇಡೀ ಪುಸ್ತಕವನ್ನು ಅದರಲ್ಲಿ ರೆಕಾರ್ಡ್ ಮಾಡಿಕೊಂಡರು; ಮತ್ತೆಂದೂ ಆ ಅಂಗಡಿಯ ಮೆಟ್ಟಿಲು ತುಳಿಯಲಿಲ್ಲ. ಅವರಂಥ ಮಾನವಂತ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ದೂರವಾದರು. ಬೀಗದಣ್ಣ ಕಾದು ಕುಳಿತಿದ್ದ ಕಳ್ಳ ಮಾತ್ರ ಬರಲೇ ಇಲ್ಲ.

ಅಕ್ಕ ತೀರಿಕೊಂಡಳು. ಅಷ್ಟರಲ್ಲಿ ಆ ಬೀಗ ಮಾಡಿಕೊಟ್ಟಿದ್ದ ಕಂಪನಿಯೂ ಬಾಗಿಲು ಹಾಕಿಕೊಂಡಿತು; ಪ್ರತಿ ಸಲ ಬೀಗ ತೆಗೆಯುತ್ತಿದ್ದ ಅದರ ಕಂಪ್ಯೂಟರ್ ನಿಂತು, ಕೊಂಡವರ ಫೋನಿನಲ್ಲಾಗಲಿ, ಮಾರಿದವರ ಫೋನಿನಲ್ಲಾಗಲಿ ಒಂದು ಪುಸ್ತಕವೂ ತೆರೆಯದಾಯಿತು. ಅಕ್ಕನ ದನಿಯನ್ನು ಒಮ್ಮೆಯಾದರೂ ಕೇಳಬೇಕೆಂಬ ಹಂಬಲದಿಂದ ಹಳೆಯ ಗಿರಾಕಿಗಳ ಮನೆಮನೆ ಅಲೆದ ಬೀಗದಣ್ಣನನ್ನು ಕೊನೆಗೆ ಒಳಗೆ ಕರೆದು ಕೂರಿಸಿದವರು ಅದೇ ನರ್ಸ್. ಗಂಡನ ಕೆಮ್ಮು ನಡುನಡುವೆ ಸೇರಿಕೊಂಡಿದ್ದ ಆ ಕಥೆಯಲ್ಲಿ ಅಕ್ಕ ನಕ್ಕಾಗ ಬೀಗದಣ್ಣ ಬಿಕ್ಕಿಬಿಕ್ಕಿ ಅತ್ತರು. ನರ್ಸ್ ಅವರ ಕಣ್ಣೂ ತುಂಬಿತು.

"ಅಳ್ಬೇಡಿ. ನಿಮ್ಮ ಫೋನಿಗೂ ಹಾಕಿಕೊಡ್ತೀನಿ, ಇರಿ."

ಬೀಗದಣ್ಣ ಕಣ್ಣೊರೆಸಿಕೊಂಡರು. ಎಡಗೈ ಜೇಬಿನ ಮೇಲಕ್ಕೆ ಹೋಯಿತು.

"ಇದನ್ನ ಇನ್ನೂ ಯಾರ್ಯಾರಿಗೆ ಕೊಟ್ಟಿದೀರಿ?"

ನರ್ಸ್ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದರು. "ನೀವಿನ್ನು ಹೊರಡಿ," ಎಂದು ಬಾಗಿಲು ತೆರೆದು ನಿಂತರು.

ಇಂಥವರನ್ನು ಜಿಪುಣರೆಂದರೆ ಜಿಪುಣರಿಗೆ ಅನ್ಯಾಯವಾದೀತು. ಜಿಪುಣನಿಗೆ ಕೂಡಿಟ್ಟದ್ದಾದರೂ ಉಳಿಯುತ್ತದೆ. ಲೋಕವನ್ನೆಲ್ಲ ಸಂಶಯದಿಂದಲೇ ಕಂಡವರಿಗೆ, ಕಳೆದುಕೊಂಡದ್ದನ್ನು ಯಾರಾದರೂ ಕರೆದು ಕೊಟ್ಟರೂ, ಕಣ್ಣಿಗೆ ಬೀಳುವುದು ಕೊಟ್ಟವರ ಕಳ್ಳತನವೇ.