ಓರಗಿತ್ತಿಯ ಪ್ರಿಆಂಪ್

ಆ ಮನೆಯಲ್ಲಿ ಪುಸ್ತಕ ಓದಿ ರೆಕಾರ್ಡ್ ಮಾಡುವ ಕೆಲಸಕ್ಕೆ ಮೊದಲು ಕೈಹಾಕಿದವಳು ದೊಡ್ಡ ಸೊಸೆ. ಹಿಂಬದಿಯ ಸಣ್ಣ ಕೋಣೆಯ ಗೋಡೆಗಳಿಗೆ ಹಳೆಯ ಕಂಬಳಿ ಹೊಡೆಸಿ, ಕಿಟಕಿಗೆ ಹಾಸಿಗೆ ಆನಿಸಿ, ಬೀದಿಯ ಸದ್ದು ಒಳಗೆ ನುಸುಳದ ಹಾಗೆ ಮಾಡಿಕೊಂಡವಳೂ ಅವಳೇ. ಅವಳದು ಗಂಟೆ ಹೊಡೆದಂಥ ಕಂಠ. ಆಡಿಯೋ ಪುಸ್ತಕ ತರುವ ಸಂಸ್ಥೆಯವರು ದಪ್ಪ ದಪ್ಪ ಕಾದಂಬರಿಗಳನ್ನೆಲ್ಲ ಅವಳಿಗೇ ಕೊಡುತ್ತಿದ್ದರು.

ಚಿಕ್ಕ ಸೊಸೆ ಮನೆ ತುಂಬಿದ ಮೇಲೆ ಅವಳಿಗೂ ಓದುವ ಆಸೆ ಹುಟ್ಟಿತು. ಕಲಿಸಿದವಳು ದೊಡ್ಡವಳೇ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಹಾಳೆ ಮಗುಚುವ ಸದ್ದು ಹೇಗೆ ತಪ್ಪಿಸಬೇಕು, ‘ಪ’ಕಾರ ಬಂದಾಗ ಉಸಿರು ಮೈಕಿಗೆ ಬಡಿಯದಂತೆ ಬಾಯನ್ನು ಹೇಗೆ ತುಸು ಓರೆ ಮಾಡಬೇಕು, ಎಲ್ಲವನ್ನೂ ಧಾರಾಳವಾಗಿ ಹೇಳಿಕೊಟ್ಟಳು. ಧಾರಾಳವಾಗಿರುವುದು ಕಷ್ಟವೇನೂ ಆಗಲಿಲ್ಲ. ಚಿಕ್ಕವಳದು ಪಿಸುಮಾತಿಗಿಂತ ಒಂದು ಮೆಟ್ಟಿಲು ಮೇಲಿನ ದನಿ. ಅದನ್ನು ಎತ್ತಲು ರೆಕಾರ್ಡರಿನ ಗುಂಡಿ ತಿರುಗಿಸಿದರೆ ಮಾತಿಗಿಂತ ಜೋರಾಗಿ ‘ಸೊಂಯ್’ ಎನ್ನುವ ಸದ್ದೇ ಏಳುತ್ತಿತ್ತು.

“ಪಾಪ, ದನಿ ಸಾಲಲ್ಲ ಅತ್ತೆ,” ಎಂದು ದೊಡ್ಡವಳು ಮರುಗುತ್ತಿದ್ದಳು. ಹಾಗೆ ಮರುಗುವುದರಲ್ಲಿ ಒಂದು ಸುಖವಿತ್ತು.

ಆಗ ಮೈದುನ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದೊಂದು ಲೋಹದ ಡಬ್ಬಿ ತಂದ.

“ಮೈಕಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸೋದು, ಅತ್ತಿಗೆ. ಪ್ರಿಆಂಪ್ ಅಂತಾರೆ. ಮೈಕಿನ ಬುಡದಲ್ಲೇ ದನಿ ಎತ್ತಿ ಕಳಿಸುತ್ತೆ. ಸೊಂಯ್ ಅನ್ನೋ ಕಾಟ ಇರಲ್ಲ.”

ಸಿಕ್ಕಿಸಿದರು. ಚಿಕ್ಕವಳು ಒಂದು ಪುಟ ಓದಿದಳು. ದೊಡ್ಡವಳು ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಪಕ್ಕದ ದಿಂಬಿನಲ್ಲಿ ಮಲಗಿದ ಅಕ್ಕನೋ ತಂಗಿಯೋ ತನಗೊಬ್ಬಳಿಗೇ ಹೇಳುತ್ತಿದ್ದಾಳೇನೋ ಎನ್ನುವಷ್ಟು ಬೆಚ್ಚಗಿನ ದನಿ.

“ಹೇಗಿದೆ ಅಕ್ಕಾ?”

“ಪರವಾಗಿಲ್ಲ,” ಎಂದಳು ದೊಡ್ಡವಳು.

ಮೈದುನ ಕಳಿಸಿದ ಆ ಪುಟವನ್ನು ಕೇಳಿ, ಆ ತಿಂಗಳೇ ಸಂಸ್ಥೆಯ ಸಂಪಾದಕಿ ಫೋನ್ ಮಾಡಿದಳು. ದೊಡ್ಡವಳಿಗೆಂದು ಎತ್ತಿಟ್ಟಿದ್ದ ಕಾದಂಬರಿಯನ್ನು ಚಿಕ್ಕವಳು ಓದಲಿ ಎಂದಳು. “ನೀವು ಬೇಜಾರು ಮಾಡ್ಕೋಬಾರದು,” ಎಂದು ಬೇರೆ ಸೇರಿಸಿದಳು. “ಅಯ್ಯೋ, ನನಗ್ಯಾಕೆ ಬೇಜಾರು? ನಾನೇ ಕಲಿಸಿದ ಹುಡುಗಿ ಅಲ್ವಾ!” ಎಂದು ನಕ್ಕು ಫೋನಿಟ್ಟ ದೊಡ್ಡವಳು, ಒಗೆದ ಬಟ್ಟೆಗಳನ್ನು ಜನ್ಮದ ಸಿಟ್ಟೆಲ್ಲ ಸೇರಿಸಿ ಕೊಡವಿ ಒಣಹಾಕಿದಳು. ಓರಗಿತ್ತಿ ನಗುವುದು, ಚಹಾ ಹೀರುವುದು, ಚಪ್ಪಲಿ ಬಿಡುವುದು, ಯಾವುದೂ ಅವಳ ಕಣ್ಣಿಗೆ ಸರಿ ಕಾಣಲಿಲ್ಲ. ಎಲ್ಲ ಆ ಡಬ್ಬಿಯ ಮಹಿಮೆ, ಇವಳ ಹೆಚ್ಚುಗಾರಿಕೆ ಏನಿದೆ ಎಂದು ಒಳಗೊಳಗೇ ಕುದಿದಳು. ಒಂದು ಬೆಳಿಗ್ಗೆ ಡಬ್ಬಿಯನ್ನು ಬಿಚ್ಚಿ ತನ್ನ ಬೀರುವಿನ ಸೀರೆಗಳ ನಡುವೆ ಹುದುಗಿಸಿಬಿಟ್ಟಳು.

ಮನೆಯೆಲ್ಲ ಹುಡುಕಾಟ. “ಒಂದು ಸಾಮಾನು ಜೋಪಾನ ಮಾಡೋಕ್ಕಾಗಲ್ವಾ ನಿಂಗೆ?” ಎಂದು ಮೈದುನ ಹೆಂಡತಿಯ ಮೇಲೆ ರೇಗಿದ. ಚಿಕ್ಕವಳ ಕಣ್ಣಲ್ಲಿ ನೀರಾಡಿತು. ದೊಡ್ಡವಳೂ ಬಗ್ಗಿ ಮಂಚದ ಕೆಳಗೆ ಹುಡುಕಿದಳು.

ಮಧ್ಯಾಹ್ನ ಗಂಡ ಹೆಂಡತಿ ಹೊಸ ಡಬ್ಬಿ ವಿಚಾರಿಸಲು ಪೇಟೆಗೆ ಹೊರಟರು. ದೊಡ್ಡವಳು ಕೋಣೆಯ ಬಾಗಿಲು ಹಾಕಿಕೊಂಡು, ಡಬ್ಬಿ ಸಿಕ್ಕಿಸಿ, ಅದೇ ಕಾದಂಬರಿಯ ಮೊದಲ ಪುಟ ಓದಿದಳು. ದನಿ ಮಿತಿ ಮೀರಿತೆಂದು ಕೆಂಪು ದೀಪ ಉರಿಯಿತು, ದನಿ ಒಡೆದು ಚರಚರ ಎಂದಿತು. ದನಿಯ ಮಟ್ಟ ಇಳಿಸಿ ಮತ್ತೆ ಓದಿದಳು. ಈಗ ದನಿ ತುಂಬಿಕೊಂಡು ಬಂತು. ಆದರೆ ಅದು ಯಾರಿಗೋ ಕಥೆ ಹೇಳುವ ಹಾಗಿರಲಿಲ್ಲ, ಹಾಜರಿ ಕೂಗುವ ಹಾಗಿತ್ತು. ಮೂರನೇ ಸಲ ದನಿ ತಗ್ಗಿಸಿ ಓದಿದಳು. ಕೇಳಿದರೆ, ಓರಗಿತ್ತಿಯನ್ನು ಅಣಕಿಸಿದಂತಿತ್ತು. ತನ್ನ ಮೇಲೆಯೇ ಹೇಸಿಗೆಯಾಯಿತು.

ಹೆಡ್‌ಫೋನ್ ಕಿವಿಗಿದ್ದುದರಿಂದ ಬಾಗಿಲು ತೆರೆದದ್ದು ತಿಳಿಯಲಿಲ್ಲ. ತಿರುಗಿದರೆ ಪೇಟೆಯಿಂದ ಮರಳಿದ ಚಿಕ್ಕವಳು ನಿಂತಿದ್ದಳು. ಅವಳ ಕಣ್ಣು ಡಬ್ಬಿಯ ಮೇಲಿತ್ತು.

ದೊಡ್ಡವಳು ಹೆಡ್‌ಫೋನ್ ಕಳಚಿದಳು. ಚಿಕ್ಕವಳು ಒಂದು ಹೆಜ್ಜೆ ಹಿಂದಿಟ್ಟಳು. ಬಾಗಿಲು ಎಳೆದುಕೊಂಡು ಹೋದಳು.

ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ ಅವಳೇ ಗಂಡನಿಗೆ ಹೇಳಿದಳು: “ಡಬ್ಬಿ ಸಿಕ್ತು ಕಣ್ರಿ. ಮೇಜಿನ ಹಿಂದೆ ಬಿದ್ದಿತ್ತು. ನಾನೇ ಸರಿಯಾಗಿ ನೋಡಿರಲಿಲ್ಲ.”

“ನಿನ್ನ ತಲೆ!” ಎಂದ ಮೈದುನ. ಅವಳು ತಲೆ ತಗ್ಗಿಸಿ ಬೈಸಿಕೊಂಡಳು.

ದೊಡ್ಡವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದಳು. ಕಾದಂಬರಿ ಹೋಯಿತು, ಸಂಪಾದಕಿಯ ಮೆಚ್ಚುಗೆ ಹೋಯಿತು. ಈಗ ಒಳ್ಳೆಯತನದಲ್ಲೂ ಇವಳೇ ಮೇಲಾಗಬೇಕೆ? ಅದೊಂದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

“ಮೇಜಿನ ಹಿಂದೆ ಎಲ್ಲಿತ್ತು? ನನ್ನ ಬೀರುವಲ್ಲಿತ್ತು,” ಎಂದಳು. “ನಾನೇ ಬಚ್ಚಿಟ್ಟಿದ್ದೆ. ಹೊಟ್ಟೆಕಿಚ್ಚು ತಡೀಲಿಲ್ಲ.”

ಮೈದುನನ ಕೈ ತಟ್ಟೆಯಲ್ಲೇ ನಿಂತಿತು. ದೊಡ್ಡವಳ ಗಂಡ ನೀರಿನ ಲೋಟ ನೋಡುತ್ತ ಕುಳಿತ. ಅತ್ತೆ ಮಾತ್ರ ಸಾವಕಾಶವಾಗಿ, “ಸರಿ, ಮೊದಲು ಊಟ ಮಾಡಿ. ಜಗಳಕ್ಕೆ ಇಡೀ ರಾತ್ರಿ ಇದೆ,” ಎಂದರು.

ಜಗಳವೇನೂ ಆಗಲಿಲ್ಲ. ಚಿಕ್ಕವಳು ಮಾತು ಬಿಟ್ಟಳು. ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ತಾಗದಂತೆ ಓಡಾಡಿದರು. ಅಷ್ಟರಲ್ಲಿ ರೆಕಾರ್ಡಿಂಗ್ ಮುಗಿಯುತ್ತ ಬಂತು. ಅದನ್ನು ಕೇಳಿ ತಪ್ಪು ಗುರುತಿಸಿಕೊಡಿ ಎಂದು ಸಂಪಾದಕಿ ದೊಡ್ಡವಳನ್ನೇ ಕೇಳಿದಳು. ತಪ್ಪು ಹಿಡಿಯುವುದೆಂದರೆ ಯಾಕೆ ಬೇಡ? ಪೆನ್ಸಿಲ್ ಕೆತ್ತಿ ಇಟ್ಟುಕೊಂಡೇ ಕುಳಿತಳು. ಆದರೆ ಕಾದಂಬರಿಯ ತಾಯಿ ಮಗಳನ್ನು ಬಿಟ್ಟು ಹೊರಡುವ ಕಡೆ ಪೆನ್ಸಿಲ್ ಮರೆತುಹೋಯಿತು. ಹಿಂದಕ್ಕೆ ಹೋಗಿ ಮತ್ತೆ ಕೇಳಿದಾಗಲೇ ತಪ್ಪು ಕಿವಿಗೆ ಬಿದ್ದದ್ದು.

ಅವಳು ಎದ್ದು ಹೋಗಿ ಓರಗಿತ್ತಿಯ ಕೋಣೆಯ ಬಾಗಿಲಲ್ಲಿ ನಿಂತಳು.

“ಎಂಟನೇ ಅಧ್ಯಾಯದಲ್ಲಿ ಒಂದು ಸಾಲು ಬಿಟ್ಟಿದ್ದೀಯ.”

ಚಿಕ್ಕವಳು ತಲೆಯೆತ್ತಲಿಲ್ಲ. “ಮತ್ತೆ?”

“ಮತ್ತೇನಿಲ್ಲ. ಚೆನ್ನಾಗಿ ಓದಿದ್ದೀಯ. ಕೇಳ್ತಾ ಕೇಳ್ತಾ ಹೊಟ್ಟೆ ಉರೀತು.”

ಚಿಕ್ಕವಳು ತುಟಿ ಕಚ್ಚಿ ಹಿಡಿದರೂ ನಗು ನಿಲ್ಲಲಿಲ್ಲ. “ಇನ್ನೂ ಉರೀತಿದೆಯಾ ಅಕ್ಕಾ?”

“ಉರೀತಿದೆ. ನಗಬೇಡ. ಬಾ, ಆ ಸಾಲು ಓದು, ನಾನು ರೆಕಾರ್ಡ್ ಮಾಡ್ಕೋತೀನಿ.”