ಎರಡನೇ ಗಿಟಾರಿನ ಹಾಳೆ

ಮೊದಲೇ ಹೇಳಿಬಿಡುತ್ತೇನೆ, ಸಂಗೀತದ ಗಂಧಗಾಳಿ ನನಗಿಲ್ಲ. ಹದಿನೇಳು ವರ್ಷದಿಂದ ಬಸ್ಸು ಓಡಿಸುತ್ತಿದ್ದೇನೆ. ನನ್ನ ಕಿವಿಗೆ ಗೊತ್ತಿರುವುದು ಇಂಜಿನ್ನಿನ ಸದ್ದು, ಬಾಗಿಲು ಮುಚ್ಚಿಕೊಳ್ಳುವ ಸದ್ದು, ಮತ್ತೆ ಸ್ಟಾಪು ದಾಟಿದ ಮೇಲೆ ಎಚ್ಚರಾದವರ ಕೂಗು. ಇಂಥವನು ನಲವತ್ತಾರನೇ ವಯಸ್ಸಿನಲ್ಲಿ ಗಿಟಾರು ಹಿಡಿದು ಕೂತರೆ ಯಾರಾದರೂ ನಗುತ್ತಾರೆ. ನಗಲಿ ಬಿಡಿ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ಇಲ್ಲಿ ಕಿನ್ನರಿ ಕೋಣನ ಕೈಗೇ ಸಿಕ್ಕಿತ್ತು.

ಸಿಕ್ಕಿದ್ದು ಮಗಳ ದೆಸೆಯಿಂದ. ಅವಳಿಗೆ ಹದಿಮೂರು. ಅವಳೂ ಅವಳ ಅಮ್ಮನೂ ಊರಿನ ಆ ತುದಿಯಲ್ಲಿದ್ದಾರೆ. ನಾನು ಈ ತುದಿಯಲ್ಲಿ, ಮೂರನೇ ಮಹಡಿಯಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ. ಬೇರೆಯಾಗಿ ಎರಡು ವರ್ಷವಾಯಿತು. ತಪ್ಪು ಯಾರದು ಎಂದು ಕೇಳಬೇಡಿ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅಷ್ಟು ಹೇಳಿದರೆ ಸಾಕು. ನ್ಯಾಯಾಲಯ ನನ್ನ ಪಾಲಿಗೆ ಕೊಟ್ಟಿದ್ದು ಭಾನುವಾರ, ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದು. ಮಗಳು ಬರುತ್ತಾಳೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಲು ಮಡಿಸಿ ಕೂರುತ್ತಾಳೆ, ಫೋನು ನೋಡುತ್ತಾಳೆ. "ಸ್ಕೂಲು ಹೇಗಿದೆ?" ಅಂದರೆ "ಇದೆ" ಅನ್ನುತ್ತಾಳೆ. "ತಿಂಡಿ?" ಅಂದರೆ "ಆಯ್ತು." ಆರು ಗಂಟೆಯಲ್ಲಿ ಇಂಥ ಮಾತು ಹತ್ತು ಬಂದರೆ ಅದೇ ಹೆಚ್ಚು. ಅವಳು ಹೋದ ಮೇಲೆ ಲೋಟ ತೊಳೆದಿಡುತ್ತೇನೆ. ವಾರದಲ್ಲಿ ಎರಡು ಲೋಟ ತೊಳೆಯುವ ದಿನ ಅದೊಂದೇ.

ಒಂದು ಭಾನುವಾರ ಅವಳು ಹೊರಡುವ ಹೊತ್ತಿಗೆ ಬ್ಯಾಗಿನಿಂದ ಒಂದು ಹಾಳೆ ತೆಗೆದಳು. ಸ್ಕೇಲು ಇಟ್ಟು ಎಳೆದ ಆರಾರು ಗೆರೆಗಳು, ಗೆರೆಗಳ ಮೇಲೆ ಅಲ್ಲಲ್ಲಿ ಅಂಕಿಗಳು. ಅವಳು ಹಿಂದಿನ ವರ್ಷ ಗಿಟಾರ್ ಕ್ಲಾಸಿಗೆ ಸೇರಿದ್ದು ನನಗೆ ಗೊತ್ತಿತ್ತು.

"ಅಪ್ಪ, ಇದು ನಿಂಗೆ. ಇಬ್ರು ಬಾರಿಸೋದು. ಒಂದನೇ ಗಿಟಾರು ನಂದು, ಎರಡನೇದು ನಿಂದು. ಕಲ್ತ್ಕೋ, ಒಂದಿನ ಸೇರಿ ಬಾರಿಸೋಣ."

"ನಂಗೆಲ್ಲಿ ಬರುತ್ತೆ ಪುಟ್ಟಿ?"

"ಸ್ವರ ಗಿರ ಏನೂ ಬೇಡ. ಇದಕ್ಕೆ ಟ್ಯಾಬ್ ಅಂತಾರೆ. ಆರು ಗೆರೆ ಅಂದ್ರೆ ಆರು ತಂತಿ. ಅಂಕಿ ಎಷ್ಟಿದ್ಯೋ ಗಿಟಾರಿನ ಕತ್ತಲ್ಲಿ ಅಷ್ಟನೇ ಮನೇಲಿ ಬೆರಳಿಟ್ಟು ಮೀಟೋದು. ಸೊನ್ನೆ ಇದ್ರೆ ಬೆರಳು ಇಡೋದೇ ಬೇಡ. ಅಷ್ಟೇ."

ಎರಡು ತಿಂಗಳ ಭಾನುವಾರಗಳನ್ನೆಲ್ಲ ಒಟ್ಟು ಹಾಕಿದರೂ ಅವಳು ಅಷ್ಟು ಮಾತಾಡಿರಲಿಲ್ಲ. ಸೋಮವಾರವೇ ಹೋಗಿ ಹಳೆಯದೊಂದು ಗಿಟಾರು ಕೊಂಡು ತಂದೆ.

ನನ್ನದು ಮಧ್ಯಾಹ್ನದ ಪಾಳಿ. ಬೆಳಗಿನ ಹೊತ್ತೆಲ್ಲ ನನ್ನದೇ, ಅಂದರೆ ಸೂರು ನೋಡುತ್ತ ಮಲಗುವುದಕ್ಕೆ. ಈಗ ಹಾಳೆಯನ್ನು ನೀರಿನ ಜಗ್ಗಿಗೆ ಒರಗಿಸಿಕೊಂಡು ಕೂರತೊಡಗಿದೆ. ಸ್ಟೀರಿಂಗು ಹಿಡಿದು ಹಿಡಿದು ದಪ್ಪವಾದ ಬೆರಳು ನನ್ನದು. ಒಂದು ತಂತಿ ಒತ್ತಿದರೆ ಪಕ್ಕದ್ದೂ ಅಡಿಗೆ ಸಿಕ್ಕಿಕೊಂಡು ಗೊರ್ ಅನ್ನುತ್ತಿತ್ತು. ವಾರ ಕಳೆಯುವುದರೊಳಗೆ ಬೆರಳ ತುದಿ ಕೆಂಪಾಗಿ, ಬಿಸಿ ಚಹಾದ ಲೋಟ ಮುಟ್ಟಲಾಗದಷ್ಟು ಉರಿಯುತ್ತಿತ್ತು.

ಬಸ್ಸಿಗೂ ಹಾಳೆ ಒಯ್ಯುತ್ತಿದ್ದೆ. ಕೊನೆಯ ಸ್ಟಾಪಿನಲ್ಲಿ ಹತ್ತು ನಿಮಿಷ ನಿಲ್ಲಿಸುತ್ತೇವಲ್ಲ, ಆಗ ಓದುವುದು. ನಮ್ಮ ಕಂಡಕ್ಟರನಿಗೆ ಡಿಪೋದಲ್ಲೆಲ್ಲ ರೇಡಿಯೋ ಅಂತಲೇ ಹೆಸರು, ಟಿಕೆಟ್ ಹರಿಯುವಾಗಲೂ ಅವನ ಬಾಯಿ ನಿಲ್ಲುವುದಿಲ್ಲ. ಅವನು ಬಗ್ಗಿ ನೋಡಿದ.

"ಏನಣ್ಣ ಇದು, ಹೊಸ ರೂಟಾ?"

"ಗಿಟಾರು ಕಲೀತಿದ್ದೀನಿ."

"ನೀನಾ? ಕೆಳಗಿನ ಮನೆಯವ್ರು ಏನೂ ಅನ್ಲಿಲ್ವಾ?"

"ಅಂದ್ರು. ನಿಮ್ಮ ಬಾಗಿಲು ತುಂಬ ಕಿರುಗುಟ್ಟುತ್ತೆ, ಸ್ವಲ್ಪ ಎಣ್ಣೆ ಬಿಡಿ ಅಂದ್ರು."

ಅವನು ನಗುತ್ತ ನಗುತ್ತ ಕೊನೆಗೆ ಮೆಟ್ಟಿಲ ಮೇಲೆ ಕೂತುಬಿಟ್ಟ. ಬಸ್ಸು ಎರಡು ನಿಮಿಷ ತಡವಾಗಿ ಹೊರಟಿತು.

ಮೂರು ವಾರ ಕಳೆದರೂ ನನ್ನ ಕೈಯಲ್ಲಿ ಬರುತ್ತಿದ್ದುದಕ್ಕೆ ತಲೆಬುಡ ಇರಲಿಲ್ಲ. ಗಿಟಾರೇ ಸರಿಯಿಲ್ಲ ಎಂದು ಅಂಗಡಿಯವನ ಹತ್ತಿರ ಜಗಳಕ್ಕೆ ಹೋದೆ. ಅವನು ಶ್ರುತಿ ನೋಡಿ, ಎಲ್ಲ ಸರಿಯಾಗಿದೆ ಎಂದು ತಣ್ಣಗೆ ಹಿಂದಕ್ಕೆ ಕೊಟ್ಟ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಮುಖದಲ್ಲಿ ಬರೆದಿತ್ತು.

ಆ ಭಾನುವಾರ ಮಗಳ ಮುಂದೆ ನುಡಿಸಿದೆ. ಅವಳು ಫೋನು ಪಕ್ಕಕ್ಕಿಟ್ಟಳು. ಹುಬ್ಬು ಗಂಟಿಕ್ಕಿ ಸ್ವಲ್ಪ ಹೊತ್ತು ಕೇಳಿದಳು.

"ಅಪ್ಪ, ತಡಿ ತಡಿ. ಹಾಳೇಲಿ ಎಲ್ಲಕ್ಕಿಂತ ಮೇಲಿನ ಗೆರೆ ಇದ್ಯಲ್ಲ, ಅದು ಯಾವ ತಂತಿ?"

"ಮೇಲಿಂದು. ಈ ದಪ್ಪಂದು."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ತಡೆಯಲಾಗಲಿಲ್ಲ, ನಕ್ಕೇಬಿಟ್ಟಳು. "ಪೂರ್ತಿ ತಲೆಕೆಳಗೆ ಕಲ್ತಿದ್ದೀಯ. ದಪ್ಪ ತಂತಿ ಎಲ್ಲಕ್ಕಿಂತ ಕೆಳಗಿನ ಗೆರೆ. ಮೇಲಿನ ಗೆರೆ ಸಣ್ಣ ತಂತಿ." ನನಗೆ ನಂಬಿಕೆ ಬರಲಿಲ್ಲ. ಆಗ ಗಿಟಾರನ್ನು ನನ್ನ ಮಡಿಲಲ್ಲಿ ಅಂಗಾತ ಮಲಗಿಸಿ, ಹಾಳೆಯನ್ನು ಮುಂದೆ ಮೇಜಿನ ಮೇಲೆ ಇಟ್ಟಳು. ಹೌದು, ಹೊಟ್ಟೆಯ ಹತ್ತಿರ ದಪ್ಪ ತಂತಿ, ದೂರಕ್ಕೆ ಸಣ್ಣದು. ಹಾಳೆಯಲ್ಲೂ ಹಾಗೇ. ಬೇರೆ ಯಾರಾದರೂ ಹೀಗೆ ನಕ್ಕಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದೆ. ಆದರೆ ಅವಳು ನಗುವುದನ್ನು ನೋಡಿ ಎರಡು ವರ್ಷವಾಗಿತ್ತು. ಇನ್ನೊಂದು ಸಲ ತಪ್ಪು ನುಡಿಸಲೇ ಎನ್ನಿಸಿತು.

"ಬರೋ ವಾರ ನಿನ್ನ ಗಿಟಾರೂ ತಾ" ಎಂದೆ.

"ಬಸ್ಸಲ್ಲಿ ರಶ್ಶು ಅಪ್ಪ, ಹೊತ್ಕೊಂಡು ಬರೋಕಾಗಲ್ಲ."

ಬಸ್ಸಿನ ರಶ್ಶು ನನಗೆ ಗೊತ್ತಿಲ್ಲದ್ದೇ? ಸರಿ ಎಂದೆ.

ಕಲಿಯುವುದಕ್ಕಿಂತ ಕಲಿತದ್ದನ್ನು ಮರೆಯುವುದು ಕಷ್ಟ. ಬೆರಳುಗಳು ಹಳೆಯ ರೂಟಿಗೇ ತಿರುಗುತ್ತಿದ್ದವು. ಆದರೂ ಒಂದು ಬೆಳಿಗ್ಗೆ, ಮೊದಲ ಎರಡು ಸಾಲು ತಡವರಿಸುತ್ತ ನುಡಿಸಿದಾಗ, ಅದರೊಳಗಿಂದ ಏನೋ ಒಂದು ಹಾಡಿನಂಥದ್ದು ಕೇಳಿಸಿತು. ಯಾರಿಗಾದರೂ ಹೇಳೋಣವೆಂದು ಎದ್ದು ನಿಂತೆ. ಯಾರಿಗೆ ಹೇಳುವುದು? ರೇಡಿಯೋ ಸಿಗುವುದು ಮಧ್ಯಾಹ್ನ ಒಂದಕ್ಕೆ. ಮತ್ತೆ ಕೂತೆ.

ಮೂರನೇ ಸಾಲಿನಲ್ಲಿ ತೊಡಕು ಬಂತು. ನಡುನಡುವೆ ಉದ್ದ ಗೀಟು ಎಳೆದು ಮಾಡಿದ ಖಾನೆಗಳಲ್ಲಿ ನಾಲ್ಕರಲ್ಲಿ ಏನೂ ಇಲ್ಲ, ಬರೀ ಗೆರೆ. ಬರೆಯಲು ಮರೆತಿದ್ದಾಳೆ ಎಂದುಕೊಂಡೆ. ಭಾನುವಾರ ಕೇಳಿದರೆ, "ಅಲ್ಲಿ ನಿಂಗೆ ಕೆಲಸ ಇಲ್ಲ. ಅಲ್ಲಿ ಒಂದನೇ ಗಿಟಾರು ಮಾತ್ರ. ನೀನು ಖಾನೆಗೆ ನಾಲ್ಕರ ಹಾಗೆ ಎಣಿಸ್ತಾ ಸುಮ್ನೆ ಕಾಯ್ಬೇಕು" ಅಂದಳು. ಸರಿ, ದಿನಾ ಬೆಳಿಗ್ಗೆ ಅಲ್ಲಿಗೆ ಬಂದಾಗ ಕೈ ತಡೆದು ಕಾಯುತ್ತಿದ್ದೆ. ಅವಳ ರಾಗ ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ. ಕೋಣೆಯಲ್ಲಿ ಕೇಳಿಸುತ್ತಿದ್ದುದು ಫ್ಯಾನಿನದೊಂದು ಸದ್ದು. ಉಳಿದ ಹೊತ್ತೆಲ್ಲ ಏನಾದರೊಂದು ಶಬ್ದ ಮಾಡಿಕೊಂಡು ಇದ್ದುಬಿಡುತ್ತಿದ್ದೆ. ಈ ಮನೆಯಲ್ಲಿ ನಾನೊಬ್ಬನೇ ಎಂದು ಸರಿಯಾಗಿ ತಿಳಿಯುತ್ತಿದ್ದುದು ಆ ನಾಲ್ಕು ಖಾನೆಗಳಲ್ಲಿ.

ಹೀಗೆ ಮೂರು ತಿಂಗಳು ದಾಟಿರಬೇಕು, ಅವಳ ಅಮ್ಮನ ಫೋನು ಬಂತು. "ನಂಗೆ ವರ್ಗ ಆಗಿದೆ. ಒಂದನೇ ತಾರೀಖು ಹೊರಡ್ತಿದ್ದೀವಿ. ರೈಲಲ್ಲಿ ಒಂಬತ್ತು ಗಂಟೆ ದಾರಿ."

"ಮತ್ತೆ ಭಾನುವಾರ?"

"ರಜೆ ಬಂದಾಗ ಕಳಿಸ್ತೀನಿ."

ಕೂಗಾಡಬೇಕು ಎನ್ನಿಸಿತು. ಕೂಗಾಡಿಯೇ ಇಲ್ಲಿಗೆ ಬಂದು ಬಿದ್ದಿದ್ದೇನೆ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಉಳಿದಿದ್ದು ಮೂರು ಭಾನುವಾರ. ಅವಳು ಹೋಗುವುದರೊಳಗೆ ಒಂದೇ ಒಂದು ಸಲ ಇಬ್ಬರೂ ಕೂತು ಮೊದಲಿಂದ ಕೊನೆಯವರೆಗೆ ನುಡಿಸಬೇಕು, ಅಷ್ಟು ಸಿಕ್ಕರೆ ಸಾಕು ಎಂದು ನಿಶ್ಚಯಿಸಿದೆ. ಅಪ್ಪನೂ ತಾನೂ ಸೇರಿ ಇದನ್ನು ಮಾಡಿದೆವು ಎಂದು ಅವಳು ನೆನೆಯುವಂಥದ್ದು ನಮ್ಮಿಬ್ಬರ ನಡುವೆ ಬೇರೇನೂ ಇರಲಿಲ್ಲ. ಊಟ ಮಾಡುವಾಗಲೂ ಎಡಗೈ ಮೇಜಿನ ಅಂಚಿನ ಮೇಲೆ ಆಡುತ್ತಿತ್ತು. ಸ್ಟೀರಿಂಗಿನ ಮೇಲೂ ಆಡುತ್ತಿತ್ತು. "ಅಣ್ಣ, ಸಿಗ್ನಲ್ಲು ಹಸಿರಾಗಿ ಹಣ್ಣೂ ಆಗೋ ಹಾಗಿದೆ, ಬಿಡು ಗಾಡಿ" ಎಂದು ರೇಡಿಯೋ ಹಿಂದಿನಿಂದ ಕೂಗುತ್ತಿದ್ದ.

ಕೊನೆಯ ಭಾನುವಾರಕ್ಕೆ ಅಂಗಡಿಯವನನ್ನು ಕಾಡಿ ಬೇಡಿ ಇನ್ನೊಂದು ಗಿಟಾರನ್ನು ಒಂದು ದಿನದ ಮಟ್ಟಿಗೆ ತಂದೆ. ಜಗಳವಾಡಿದವನ ಹತ್ತಿರವೇ ಹಲ್ಲು ಗಿಂಜಬೇಕಾಯಿತು. ಎರಡನ್ನೂ ಮಂಚಕ್ಕೆ ಒರಗಿಸಿಟ್ಟೆ. ಮಗಳು ಬಂದಳು, ಎರಡು ಗಿಟಾರು ನೋಡಿದಳು, ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು.

"ಬಸ್ಸಲ್ಲಿ ಹೊರೋದು ಬೇಡ ಅಂತ ನಾನೇ ತಂದಿಟ್ಟಿದ್ದೀನಿ" ಎಂದು ಅವಳನ್ನು ಕೂರಿಸಿ ಗಿಟಾರು ಕೈಗೆ ಕೊಟ್ಟೆ. "ನಂದು ಪೂರ್ತಿ ಬರುತ್ತೆ. ಶುರು ಮಾಡೋಣ?"

ಅವಳ ಎಡಗೈ ತಂತಿಗಳ ಮೇಲೆ ಬಂತು. ಉಗುರುಗಳು ಉದ್ದವಾಗಿದ್ದವು, ನೀಲಿ ಬಣ್ಣ ಹಚ್ಚಿದ್ದಳು. ಇಂಥ ಉಗುರಿಟ್ಟುಕೊಂಡು ತಂತಿ ಒತ್ತಲಾಗುವುದಿಲ್ಲ. ಇಷ್ಟು ತಿಂಗಳಲ್ಲಿ ನಾನು ಅಷ್ಟಂತೂ ಕಲಿತಿದ್ದೆ.

"ಕ್ಲಾಸಿಗೆ ಹೋಗ್ತಿಲ್ವಾ?"

"ಬಿಟ್ಟೆ."

"ಯಾವಾಗ?"

ಅವಳು ತಲೆ ತಗ್ಗಿಸಿದಳು. "ನಿಂಗೆ ಹಾಳೆ ಕೊಡೋಕೆ ಮುಂಚೇನೇ. ಗಿಟಾರೂ ವಾಪಸ್ ಕೊಟ್ಬಿಟ್ವಿ."

"ಮತ್ತೆ ನಂಗ್ಯಾಕೆ ಕೊಟ್ಟೆ? ಕೋತಿ ಕುಣಿಸಿ ನೋಡೋಕಾ? ನಾಲ್ಕು ತಿಂಗಳು ಬೆರಳು ಸವೆಸಿದ್ದು ಯಾರಿಗೋಸ್ಕರ ಅಂದ್ಕೊಂಡೆ?"

ದನಿ ಏರಿಹೋಗಿತ್ತು. ಹಳೆಯ ಮನೆಯಲ್ಲಿ ಏರುತ್ತಿದ್ದ ಅದೇ ದನಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಭುಜಗಳು ಮುದುಡಿಕೊಂಡಿದ್ದನ್ನು ಕಣ್ಣಾರೆ ಕಂಡೆ. ಆದರೆ ಅವಳು ಅಳಲಿಲ್ಲ, ಎದ್ದು ಹೋಗಲೂ ಇಲ್ಲ. ಗಿಟಾರನ್ನು ತಬ್ಬಿಕೊಂಡು, ನೆಲ ನೋಡುತ್ತ ಹೇಳಿದಳು.

"ನೀನು ಒಬ್ನೇ ಇರ್ತೀಯಲ್ಲ ಅಪ್ಪ. ನಾನು ಪ್ರತಿ ವಾರ ನೋಡ್ತಿದ್ದೆ. ಹೋಗುವಾಗ ಈ ಕುರ್ಚಿ ಎಲ್ಲಿ ಬಿಟ್ಟಿದ್ನೋ, ಬರುವಾಗ ಅಲ್ಲೇ ಇರ್ತಿತ್ತು. ಒಂದು ಚೂರೂ ಆಚೆ ಈಚೆ ಆಗಿರ್ತಿರ್ಲಿಲ್ಲ. ನಿಂಗೆ ಏನಾದ್ರೂ ಒಂದು ಇರಲಿ ಅಂತ ಕೊಟ್ಟೆ. ನಿಜವಾಗ್ಲೂ ಕಲೀತೀಯ ಅಂದ್ಕೊಂಡಿರ್ಲಿಲ್ಲ. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ."

ಅವಳನ್ನು ಹಿಡಿದಿಟ್ಟುಕೊಳ್ಳಲು ನಾನು ಗಿಟಾರು ಕಲಿಯುತ್ತಿದ್ದೇನೆ ಎಂದುಕೊಂಡಿದ್ದೆ. ಆದರೆ ಹದಿಮೂರರ ಹುಡುಗಿ ನಾನು ಒಬ್ಬನೇ ಕಳೆಯುವ ಆರು ದಿನಗಳ ಚಿಂತೆಯನ್ನು ಹೊತ್ತುಕೊಂಡು, ರಶ್ಶಿನ ಬಸ್ಸಿನಲ್ಲಿ ನಿಂತು ಬಂದು ಹೋಗುತ್ತಿದ್ದಳು. ಮಗಳು ಮಾತೇ ಆಡುವುದಿಲ್ಲ ಎಂದು ನಾನು ರೇಡಿಯೋ ಮುಂದೆ ದೂರು ಹೇಳಿಕೊಂಡು ತಿರುಗುತ್ತಿದ್ದೆ.

"ತಪ್ಪಾಯ್ತು ಪುಟ್ಟಿ" ಎಂದೆ. ಮದುವೆಯಾದ ಹದಿನೈದು ವರ್ಷಗಳಲ್ಲಿ ಆ ಮಾತು ಯಾರ ಮುಂದೆಯೂ ನನ್ನ ಬಾಯಿಂದ ಬಂದಿರಲಿಲ್ಲ.

ಅವಳು ಮೂಗು ಒರೆಸಿಕೊಂಡಳು. ಗಿಟಾರನ್ನು ಪಕ್ಕಕ್ಕಿಟ್ಟಳು. "ನಿಂದು ಬಾರ್ಸು. ಕೇಳ್ತೀನಿ."

ನುಡಿಸಿದೆ. ಮೊದಲ ಎರಡು ಸಾಲು ಒಂದೂ ತಪ್ಪಿಲ್ಲದೆ ಹೋದವು. ಮೂರನೆಯ ಸಾಲಿಗೆ ಬಂದು ಕೈ ನಿಲ್ಲಿಸಿದೆ.

"ಯಾಕೆ ನಿಲ್ಸಿದೆ?"

"ಇಲ್ಲಿ ನೀನು."

"ನಂಗೆ ಮರ್ತೇಹೋಗಿದೆ ಅಪ್ಪ."

"ಪರವಾಗಿಲ್ಲ. ಆದ್ರೂ ಕಾಯ್ಬೇಕಲ್ಲ."

ಅವಳು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಮೊದಲ ಖಾಲಿ ಖಾನೆಯ ಮೇಲೆ ಬೆರಳಿಟ್ಟು, ಮೆಲ್ಲಗೆ ಎಣಿಸತೊಡಗಿದಳು. "ಒಂದು, ಎರಡು, ಮೂರು, ನಾಲ್ಕು." ಬೆರಳು ಎರಡನೆಯ ಖಾನೆಗೆ ಸರಿಯಿತು, ಮೂರಕ್ಕೆ, ನಾಲ್ಕಕ್ಕೆ. ಆಮೇಲೆ ನನ್ನ ಅಂಕಿಯ ಮೇಲೆ ಬಂದು ನಿಂತಿತು. ಅಲ್ಲಿ ನಾನು ಶುರು ಮಾಡಬೇಕಿತ್ತು. ಹಾಳೆ ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ಅವಳು ಒಂದು ಸಲ ನನ್ನ ಮುಖ ನೋಡಿದಳು. ಬೆರಳನ್ನು ಹಿಂದಕ್ಕೆ ತಂದು ಮತ್ತೆ ಒಂದರಿಂದ ಎಣಿಸಿದಳು.